ತಂಬಿಗೆಯ ಮೇಲಿನ ಲೋಟ

ಅವ್ವಾ,

ಇವತ್ತು ಸಂಜೆ ಮತ್ತೆ ಲೋಟ ಬಿತ್ತು.

ನಮ್ಮೂರು ಕಮಲಾಪುರದಲ್ಲಿ ನೆಲದೊಳಗಿಂದ ಸದ್ದು ಬಂದ ವರ್ಷ ನೀನು ದಿಂಬಿನ ಪಕ್ಕ ತಂಬಿಗೆ ಬೋರಲು ಹಾಕಿ, ಮೇಲೆ ಸ್ಟೀಲ್ ಲೋಟ ನಿಲ್ಲಿಸಿ ಮಲಗುತ್ತಿದ್ದೆ. ಭೂಮಿ ಅಲುಗಿದರೆ ಅದು ಬಿದ್ದು ಎಚ್ಚರವಾಗಲಿ ಎಂದು. ನಾನು ನಗುತ್ತಿದ್ದೆ.

ಕಲಬುರಗಿಯ ಖೂಬಾ ಪ್ಲಾಟಿನ ಆಸ್ಪತ್ರೆಯಲ್ಲಿದ್ದ ನರ್ಸ್ ಕೆಲಸ ಬಿಟ್ಟು ನಾನು ಜಪಾನಿಗೆ ಹೊರಟಾಗ ನೀನು ಒಂದೇ ಮಾತು ಕೇಳಿದೆ. “ಅಲ್ಲಿ ಭೂಮಿ ನಡಗತದಂತಲ್ಲ, ಖರೇ ಏನು?”

“ನಾವು ಹೋಗೋ ಊರಿಂದ ಅದು ಭಾಳ ದೂರ ಅದವ್ವಾ.”

ನೀನು ಆ ತಂಬಿಗೆ, ಲೋಟ ನನ್ನ ಪೆಟ್ಟಿಗೆಯಲ್ಲಿಟ್ಟೆ. ನೀನು ತೀರಿಕೊಂಡ ಸುದ್ದಿ ಬಂದ ದಿನ ಅವನ್ನು ಹೊರತೆಗೆದು ಕಿಟಕಿಯ ಬಳಿ ನಿಲ್ಲಿಸಿದೆ.

ಈಚೆಗೆ ಇಲ್ಲಿ ನೆಲ ಸಣ್ಣಗೆ ನಡುಗಿ ಲೋಟ ದಿನಾ ಬೀಳುತ್ತಿದೆ. ಇವತ್ತು ಉರುಳುತ್ತ ಬಾಗಿಲ ತನಕ ಹೋಯಿತು. ನಿನ್ನ ಮೊಮ್ಮಗಳು ಶ್ರಾವಣಿ ಹೋಮ್‌ವರ್ಕ್ ಬಿಟ್ಟು ತಲೆಯೆತ್ತಿದಳು.

“ಮಮ್ಮಿ, ದೊಡ್ಡದು ಬರ್ತದ ಅಂತ ಸಾಲ್ಯಾಗ ಹೇಳ್ಯಾರ. ಇಲ್ಲಿಗೇ ಬರ್ತದೇನು?”

“ಇಲ್ಲವ್ವ, ಅದು ಭಾಳ ದೂರ ಅದ.”

ಅವಳು ಲೋಟ ಎತ್ತಿ ತಂದು ತಂಬಿಗೆಯ ಮೇಲೆ ನಿಲ್ಲಿಸಿದಳು. ಆಮೇಲೆ ಭೂಕಂಪಕ್ಕೆಂದು ಶಾಲೆಯವರು ಕೊಟ್ಟ ಹೆಲ್ಮೆಟ್ ಹಾಕಿಕೊಂಡೇ ಊಟಕ್ಕೆ ಕೂತಳು.