ಜವಳ ಗಲ್ಲಿಗೆ ನಾನು ಹಾಕಿದ ಗುಡಿಸು

ಊರಿಗೆಲ್ಲ ನೀರು ಬಿಡುತ್ತಿದ್ದ ನನ್ನ ಕಾಕಾನಿಗೆ,

ನೀನು ಹೋಗಿ ವರ್ಷದ ಮೇಲಾಯಿತು. ವರ್ಷದ ಕಾರ್ಯಕ್ಕೆ ಬಂದಾಗ ನಿನ್ನ ಫೋಟೋದ ಮುಂದೆ ಎಲ್ಲರಂತೆ ಕೈ ಮುಗಿದು ನಿಂತೆ. ಹೇಳಬೇಕಾದದ್ದನ್ನು ಹೇಳಲಿಲ್ಲ. ಪಕ್ಕದಲ್ಲಿ ಕಾಕೂ ಇದ್ದಳು, ಅಪ್ಪ ಇದ್ದರು, ಊಟಕ್ಕೆ ಎಲೆ ಹಾಕುವ ಗಡಿಬಿಡಿಯಿತ್ತು. ಇವೆಲ್ಲ ನೆಪಗಳೇ. ಬರೆದರೆ ಹೇಳಲು ಸಾಧ್ಯವಾದೀತು ಎಂದು ಕುಳಿತಿದ್ದೇನೆ. ನನ್ನ ಕನ್ನಡ ನಿನಗೆ ಗೊತ್ತೇ ಇದೆ. ಬೆಳಗಾವಿಯ ಇಂಗ್ಲಿಷ್ ಶಾಲೆಯಲ್ಲಿ ಓದಿದ ಅಣ್ಣನ ಮಗಳು ಕನ್ನಡದಲ್ಲಿ ಕಾಗದ ಬರೆದರೆ ನೀನು ತಪ್ಪುಗಳನ್ನು ಗಟ್ಟಿಯಾಗಿ ಓದಿ ನಗುತ್ತಿದ್ದೆ. ಈ ಕಾಗದವೂ ಒಂದು ತಪ್ಪಿನ ಬಗ್ಗೆಯೇ, ಕಾಕಾ. ಇದಕ್ಕೆ ನೀನು ನಗುತ್ತೀಯೋ ಇಲ್ಲವೋ ಗೊತ್ತಿಲ್ಲ.

ದೀಪಾವಳಿ ರಜೆಯಲ್ಲಿ ಬೆಳಿಗ್ಗೆ ನಿನ್ನ ಸೈಕಲ್ಲಿನ ಹಿಂದೆ ಕುಳಿತು ಓಣಿ ಓಣಿ ತಿರುಗುತ್ತಿದ್ದೆ. ನೀನು ಕಬ್ಬಿಣದ ಉದ್ದನೆಯ ಚಾವಿಯನ್ನು ನೆಲದೊಳಗಿನ ವಾಲ್ವಿಗೆ ಹಾಕಿ ತಿರುಗಿಸಿದರೆ ಓಣಿಯ ನಳಗಳೆಲ್ಲ ಕೆಮ್ಮಿ, ಉಗುಳಿ, ಆಮೇಲೆ ನೀರು ಬಿಡುತ್ತಿದ್ದವು. ಊರಿನ ತಗ್ಗಿನಲ್ಲಿದ್ದ ಒಂದು ಗಲ್ಲಿಯಲ್ಲಿ ಮಾತ್ರ ವಾಲ್ವಿನ ಗುಂಡಿ ಯಾವಾಗಲೂ ತುಂಬಿರುತ್ತಿತ್ತು. ಡಬ್ಬಿಯಿಂದ ನೀರು ಗೋರಿ ಹಾಕಿ, ಭುಜದವರೆಗೆ ಕೈ ಇಳಿಸಿ ನೀನು ವಾಲ್ವು ಹುಡುಕುತ್ತಿದ್ದೆ. ಎದುರುಮನೆಯ ಅಕ್ಕಾತಾಯಿ ಕೊಡ ಹಿಡಿದು ನಿಂತು, “ಏನೋ ದಾದಾ, ಇವತ್ತ ನೀರು ಬಿಡ್ತೀಯೋ, ಇಲ್ಲಾ ನಾಳೆ ಕುಡಿ ಅಂತ ನಮ್ಮ ಆಕಳಿಗೆ ಹೇಳ್ಲೋ?” ಎನ್ನುತ್ತಿದ್ದಳು. “ಆಕಳಿಗೆ ಹೇಳೂದ ಬ್ಯಾಡ, ಅದು ನಿನಕಿಂತ ಶಾಣ್ಯಾ ಐತಿ” ಎಂದು ನೀನು. “ಪೈಪು ಒಡೆದಿದೆಯಾ ಕಾಕಾ?” ಎಂದು ನಾನು ಕೇಳಿದ್ದೆ. ನೀನು ಏನೋ ಉತ್ತರ ಕೊಟ್ಟಿದ್ದೆ. ಎಷ್ಟು ಪ್ರಯತ್ನಿಸಿದರೂ ಅದು ನೆನಪಾಗುತ್ತಿಲ್ಲ. ನಾನು ಕೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಇದು ನನ್ನ ಸ್ವಭಾವವೇ ಇರಬಹುದೇ?

ನಮ್ಮೂರಿನ ನೀರಿನ ಯೋಜನೆ ನನ್ನ ಮೇಜಿಗೆ ಬಂದ ದಿನ ಮೊದಲು ಫೋನ್ ಮಾಡಿದ್ದು ನಿನಗೇ. ಇನ್ನು ಮೂವತ್ತು ವರ್ಷಕ್ಕೆ ಈ ಊರು ದೊಡ್ಡ ಪಟ್ಟಣವಾಗಿ ಬೆಳೆದು ಅಥಣಿಯ ರಸ್ತೆಯುದ್ದಕ್ಕೂ ಹಬ್ಬಿದಾಗ ನೀರು ಎಲ್ಲಿಂದ ಬರಬೇಕು, ಎಲ್ಲಿ ನಿಲ್ಲಬೇಕು, ಬಳಸಿದ ಮೇಲೆ ಎಲ್ಲಿಗೆ ಹೋಗಬೇಕು ಎಂದು ಯೋಚಿಸುವ ಕೆಲಸ. ನಾನು ಬೇಸಿಗೆಯ ಬಗ್ಗೆ, ಕೃಷ್ಣೆ ಒಣಗುವುದರ ಬಗ್ಗೆ ಮಾತಾಡುತ್ತಿದ್ದೆ. ನೀನು ನಡುವೆಯೇ ತಡೆದೆ. “ಬ್ಯಾಸಗಿ ಹೆಂಗರ ಕಳೀತೈತಿ. ಮಹಾಪೂರ ಬಂದಾಗ ನೋಡು. ಹೊಳಿ ದಂಡಿ ಮ್ಯಾಲಿನ ಮೋಟರ್ ಮುಳುಗ್ತಾವ, ಕರೆಂಟ್ ಹೋಗ್ತೈತಿ. ಊರ ಸುತ್ತ ಸಮುದ್ರ, ಕೊಡದಾಗ ಹನಿ ಇಲ್ಲ. ಅದನ್ನ ಮೊದ್ಲ ಮಾಡು ತಂಗಿ.” ಯೋಜನೆಯ ಬೆನ್ನೆಲುಬೇ ಆ ಮಾತಾಯಿತು. ಹೊಳೆ ಕೈಬಿಟ್ಟ ದಿನಗಳಲ್ಲಿ ಊರಿಗೆ ಕುಡಿಯಲು ಸಾಕಾಗುವಷ್ಟು ನೀರು ಊರೊಳಗೇ ಇರಬೇಕು, ಅದಕ್ಕೊಂದು ದೊಡ್ಡ ಟಾಕಿ. ಶಾಲೆ, ದವಾಖಾನೆಗಳ ಮಾಳಿಗೆಯ ಮಳೆನೀರು ಹಳೆಯ ಬಾವಿಗಳಿಗೆ. ನನಗೆ ಹೆಮ್ಮೆಯಿತ್ತು, ಸುಳ್ಳು ಹೇಳುವುದಿಲ್ಲ.

ಒಂದು ಮಧ್ಯಾಹ್ನ ಆಫೀಸಿನಲ್ಲಿ ಊರಿನ ಹಳೆಯ ನಕ್ಷೆಯನ್ನು ಕನ್ನಡಕ್ಕೆ ಇಳಿಸುತ್ತಿದ್ದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಗಲ್ಲಿಗಳ ಹೆಸರುಗಳಲ್ಲಿ ತುಂಬ ತಪ್ಪುಗಳಿದ್ದವು. ‘ಜವಳ ಗಲ್ಲಿ’ ಎಂಬಲ್ಲಿ ನಿಂತೆ. ಜವಳಿ ಗೊತ್ತು, ಬಟ್ಟೆಬರೆ. ಒಂದು ಕಾಲಕ್ಕೆ ಇಲ್ಲಿ ಸೀರೆ, ಧೋತರದ ಅಂಗಡಿಗಳು ಇದ್ದಿರಬೇಕು, ಬರೆದವರು ಕೊನೆಯ ಅಕ್ಷರ ನುಂಗಿರಬೇಕು ಎಂದುಕೊಂಡೆ. ‘ಳ’ಕ್ಕೆ ಒಂದು ಗುಡಿಸು ಹಾಕಿ ತಿದ್ದಿದೆ. ಅದೇ ಗಲ್ಲಿಯ ಗುಂಡಿಗಳಲ್ಲಿ, ನೀನು ಡಬ್ಬಿಯಿಂದ ಗೋರುತ್ತಿದ್ದ ಆ ಗುಂಡಿಗಳಲ್ಲೇ, ವರ್ಷದ ಬಹುಪಾಲು ನೀರು ನಿಲ್ಲುತ್ತದೆಂದು ದಾಖಲೆಯಲ್ಲಿತ್ತು. ಅಲ್ಲಿ ಪೈಪುಗಳು ಹೆಚ್ಚು ಸೋರುತ್ತವೆ ಎಂದು ವರದಿಯಲ್ಲಿ ಬರೆದೆ. ಪಟ್ಟಣ ಪಂಚಾಯಿತಿಯ ಖಾಲಿ ಜಾಗ ಸಿಕ್ಕಿದ್ದೂ ಅಲ್ಲೇ. ನೆಲದೊಳಗಿನ ಟಾಕಿಯ ಚೌಕವನ್ನು ಅಲ್ಲೇ ಬರೆದೆ.

ಆ ನಕ್ಷೆಯನ್ನು ನಿನಗೆ ತೋರಿಸಲು ಬಂದದ್ದು ಚಳಿಗಾಲದಲ್ಲಿ. ನೀನು ಅಂಗಳದ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದೆ, ಉಸಿರು ಎಳೆಯುವುದೇ ಆಗ ನಿನಗೆ ದೊಡ್ಡ ಕೆಲಸವಾಗಿತ್ತು. ಆ ಮಾತುಕತೆಯನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಆಡಿಸಿದ್ದೇನೆ ಗೊತ್ತೇ?

“ಟಾಕಿ ಎಲ್ಲಿ ಕೂಡಸ್ತೀ ತಂಗಿ?”

“ಜವಳಿ ಗಲ್ಲಿಯಲ್ಲಿ ಕಾಕಾ.”

“ಅಲ್ಲಿ ಜವಳ ಐತೆಲ್ಲ?”

“ಇತ್ತು. ಈಗ ಏನೂ ಉಳಿದಿಲ್ಲ. ಎಲ್ಲ ಬಸ್‌ಸ್ಟ್ಯಾಂಡ್ ಕಡೆಗೆ ಹೋಗಿದೆ.”

“ಬಸ್‌ಸ್ಟ್ಯಾಂಡಿಗೆ ಹೆಂಗ ಹೋಗ್ತೈತಿ? ಅದು ಏರಿನ ಮ್ಯಾಲ ಐತೆಲ್ಲ!”

“ಗಿರಾಕಿ ಎಲ್ಲಿ ಇರ್ತಾರೋ ಅಲ್ಲಿಗೆ ಹೋಗೋದೇ ಅಲ್ವಾ ಕಾಕಾ.”

ನೀನು ನನ್ನ ಮುಖವನ್ನೇ ನೋಡಿದೆ. ಆಮೇಲೆ ಕೆಮ್ಮು ಬರುವಷ್ಟು ನಕ್ಕೆ. “ಜವಳಕ್ಕ ಗಿರಾಕಿ! ಇಷ್ಟ ದೊಡ್ಡ ಇಂಜಿನಿಯರ್ ಆದಿ, ಚ್ಯಾಷ್ಟಿ ಮಾಡೂದು ಬಿಡಲಿಲ್ಲ ನೀ.” ಕಾಕೂ ಚಹಾ ತಂದಳು, “ಅವರನ್ನ ಅಷ್ಟು ನಗಿಸಬ್ಯಾಡ ಬೇ” ಎಂದು ನನ್ನನ್ನು ಬೈದಳು. ಮಾತು ಅಲ್ಲಿಗೆ ನಿಂತಿತು. ನಮ್ಮ ಕಡೆ ಮಾತಿನ ಕೊನೆಯ ಸ್ವರವನ್ನು ನುಂಗುತ್ತಾರೆ. ನೀನು ನುಂಗಿದೆ ಎಂದು ನಾನು ತಿಳಿದೆ, ನಾನು ಎಳೆದೆ ಎಂದು ನೀನು ತಿಳಿದೆ. ಅಥವಾ ನಿನಗೆ ಒಂದು ಸಣ್ಣ ಅನುಮಾನ ಬಂದಿತ್ತೇ? ಓದಿದ ಮಗಳು, ಗೊತ್ತಿಲ್ಲದೆ ಇರುತ್ತದೆಯೇ ಎಂದು ಸುಮ್ಮನಾದೆಯಾ? ಅದಾಗಿ ಎರಡು ತಿಂಗಳಿಗೆ ನೀನು…

ಟಾಕಿಗೆಂದು ಅಗೆದ ಕುಣಿ ಬೇಸಿಗೆಯಲ್ಲಿ ಒಣಗಿಯೇ ಇತ್ತು. ಜೂನಿನಲ್ಲಿ ಗುತ್ತಿಗೆದಾರರು ಫೋನ್ ಮಾಡಿ ಕರೆದರು. ಊರಿನಲ್ಲಿ ನಾಲ್ಕು ದಿನದಿಂದ ಮಳೆಯಿಲ್ಲ. ಆದರೂ ಕುಣಿಯಲ್ಲಿ ಮೊಣಕಾಲು ಮಟ್ಟದ ತಿಳಿನೀರು. ನಾನು ಅಂಚಿನಲ್ಲಿ ನಿಂತು ನೋಡುತ್ತಿದ್ದೆ. ಅಕ್ಕಾತಾಯಿ ಕಟ್ಟೆಯ ಮೇಲಿಂದಲೇ ಕೂಗಿದಳು: “ಜವಳದಾಗ ಕುಣಿ ತೋಡಿದ್ರ ನೀರು ಬರಲಾರದ ಹಾಲು ಬರ್ತೈತೇನವಾ?”

“ಇಲ್ಲಿ ಜವಳಿ ಅಂಗಡಿ ಇರಲಿಲ್ಲವಾ ಆಯಿ?” ಎಂದೆ.

“ಯಾರ ಅಂಗಡಿ? ಇಲ್ಲಿ ಸೀರಿ ಮಾರಿದ್ದರ ಹಿಂಡಿ ಕೊಡಬೇಕಿತ್ತು!” ಎಂದು ತನ್ನ ಮನೆಯ ಗೋಡೆ ತೋರಿಸಿದಳು. ಸೊಂಟದ ಮಟ್ಟದವರೆಗೆ ಬಿಳಿಯ ಉಪ್ಪು ಅರಳಿತ್ತು. ಮೇಲಿನ ಕಬ್ಬಿನ ಹೊಲಗಳಿಗೆ ಹೊಳೆಯಿಂದ ಎತ್ತಿ ಹಾಯಿಸಿದ ನೀರು ನೆಲದೊಳಗೆ ಇಳಿದು, ಈ ತಗ್ಗಿಗೆ ಬಂದು, ಹೋಗಲು ದಾರಿಯಿಲ್ಲದೆ ನಿಲ್ಲುತ್ತದೆ. ಹಾಗೆ ನೀರು ಜಿನುಗುವ ನೆಲವೇ ಜವಳ. ಬೇಸಿಗೆಯಲ್ಲಿ ಹೊಳೆ ಬತ್ತಿ ಪಂಪುಗಳು ನಿಂತಾಗ ಅದು ಕೆಳಗಿಳಿಯುತ್ತದೆ, ಅಷ್ಟೆ. “ನಿಮ್ಮ ಕಾಕಾ ಹೇಳಲಿಲ್ಲೇನು?” ಎಂದು ಅಕ್ಕಾತಾಯಿ ಕೇಳಿದಳು. ಹೇಳಿದ್ದರು ಎಂದೆ.

ಆ ಸಂಜೆ ಗುತ್ತಿಗೆದಾರರು ತಮ್ಮ ಉಪಾಯ ಹೇಳಿದರು. “ಎರಡು ಪಂಪ್ ಹಚ್ಚಿ ನೀರು ಹೊರಗ ಹಾಕೂಣ್ರಿ ಮೇಡಮ್‌ರ. ತಳಾ ದಪ್ಪ ಮಾಡೂಣು. ಕಾಂಕ್ರೀಟ್ ಬಿದ್ದಮ್ಯಾಲ ಕೆಳಗ ಏನೈತಿ ಅಂತ ಯಾರು ನೋಡ್ತಾರ್ರಿ?” ಕೆಟ್ಟ ಮನುಷ್ಯನಲ್ಲ, ಮಳೆಗಾಲದೊಳಗೆ ಕೆಲಸ ಮುಗಿಯಲಿ ಎಂಬ ಆಸೆ ಅವರದು. ನಾನು ಎರಡು ದಿನ ಯೋಚಿಸಿದೆ, ಕಾಕಾ. ಎರಡು ದಿನ ಬೇಕಾಯಿತು ಎಂಬುದೇ ನನಗೆ ಇವತ್ತಿಗೂ ನಾಚಿಕೆ. ಟಾಕಿ ತುಂಬಿರುವಷ್ಟು ದಿನ ಏನೂ ಆಗುತ್ತಿರಲಿಲ್ಲ. ತೊಳೆಯಲೆಂದು ಖಾಲಿ ಮಾಡಿದ ದಿನ ಅಡಿಯ ನೀರು ಅದನ್ನು ದೋಣಿಯ ಹಾಗೆ ಮೇಲಕ್ಕೆ ಒತ್ತುತ್ತದೆ. ಬಿರುಕು ಬಿಟ್ಟರೆ ಕುಡಿಯುವ ನೀರಿನೊಳಗೆ ಉಪ್ಪಿನ ಸವಳು ನೀರು. ದಪ್ಪ ತಳ ಹಾಕಿ ಅದನ್ನೂ ತಡೆಯಬಹುದಿತ್ತೇನೋ. ಲೆಕ್ಕ ಮಾಡುತ್ತ ಕುಳಿತಾಗ ಇನ್ನೊಂದು ಹೊಳೆಯಿತು. ತಗ್ಗಿನ ಟಾಕಿಯಿಂದ ನೀರು ಎತ್ತಲು ಮೋಟರ್ ಬೇಕು. ಮಹಾಪೂರದಲ್ಲಿ ಕರೆಂಟ್ ಇರುವುದಿಲ್ಲ. ನೀನು ಅಂದು ಫೋನಿನಲ್ಲಿ ಹೇಳಿದ ಮಾತಿನಲ್ಲೇ ಇದ್ದದ್ದು! ನಾನು ಕೇಳಿಸಿಕೊಂಡಿದ್ದು ಅರ್ಧ ಮಾತ್ರ.

ಶಾಲೆಯ ಅಂಗಳದಲ್ಲಿ ಸಭೆ ಕರೆಯಲು ನಾನೇ ಕೇಳಿಕೊಂಡೆ. ಜಾಗ ಬದಲಿಸಬೇಕು, ತಪ್ಪು ನನ್ನದು, ಒಂದು ಶಬ್ದವನ್ನು ತಪ್ಪಾಗಿ ತಿದ್ದಿದೆ ಎಂದು ಹೇಳಿದೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಹಿಂದೆ ಕುಳಿತ ಒಬ್ಬ ಎದ್ದು, “ನಮ್ಮ ಪುಣ್ಯಾರಿ ಮೇಡಮ್‌ರ. ಕೂಸಿನ ತಲಿ ಬೋಳಿಸೋ ಜವಳ ಅಂತ ತಿಳಕೊಂಡಿದ್ದರ ಟಾಕಿ ಬದಲಿ ಕ್ಷೌರದ ಅಂಗಡಿ ಹಾಕ್ತಿದ್ದಿರಿ!” ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗು ನಿಂತ ಮೇಲೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳು ಕೂತಲ್ಲಿಂದಲೇ ಕೇಳಿದಳು. “ಈ ಮಳಿಗಾಲಕ್ಕ ಅಂದಿದ್ರಿ. ಈಗ ಮುಂದಿನ ಮಳಿಗಾಲಕ್ಕ ಅಂತೀರಿ. ನಡಕ ಮಹಾಪೂರ ಬಂದ್ರ ನಿಮ್ಮ ತಪ್ಪಾತು ಅನ್ನೂದನ್ನ ಕುಡೀಬೇಕೇನ್ರಿ ನಾವು?”

ನೀನಾಗಿದ್ದರೆ ಏನು ಹೇಳುತ್ತಿದ್ದೆ?

ಆಗಸ್ಟಿನಲ್ಲಿ ಮಹಾಪೂರ ಬಂದೇ ಬಂತು. ಅಂಕಲಿಯ ಕಡೆಯ ರಸ್ತೆ ಮುಚ್ಚುವ ಮೊದಲೇ ನಾನು ಊರು ಸೇರಿಕೊಂಡಿದ್ದೆ. ಬಂದು ಮಾಡುವುದೇನು ಎಂದು ನನಗೂ ಗೊತ್ತಿರಲಿಲ್ಲ, ಬೆಳಗಾವಿಯಲ್ಲಿ ಕುಳಿತು ಸುದ್ದಿ ನೋಡುವುದು ಮಾತ್ರ ಸಾಧ್ಯವಿರಲಿಲ್ಲ. ನೀನು ಹೇಳಿದ ಹಾಗೆಯೇ. ಕಬ್ಬಿನ ತುದಿ ಕಾಣದಷ್ಟು ನೀರು, ಟ್ಯಾಂಕರಿನ ಮುಂದೆ ಖಾಲಿ ಕೊಡಗಳ ಸಾಲು. ಸಭೆಯಲ್ಲಿ ಕೇಳಿದ ಆ ಹೆಣ್ಣುಮಗಳು ಸಾಲಿನಲ್ಲಿದ್ದಳು. ನನ್ನನ್ನು ಗುರುತಿಸಿದಳು. ಬೈಯುತ್ತಾಳೆ ಎಂದು ಕಾದೆ. “ಸುಮ್ನ ಯಾಕ ನಿಂತೀರಿ, ಕೊಡಾ ಹಿಡೀರಿ” ಎಂದಳು. ಹಿಡಿದೆ. ಆಮೇಲೆ ಅವಳ ಹಿಂದಿನವಳ ಕೊಡ, ಅವಳ ಹಿಂದಿನವಳದು. ಕ್ಷಮೆಯೆಂದು ನಾನು ಅದನ್ನು ತಿಳಿದಿಲ್ಲ. ಆ ಜನ ಬಾಯಾರಿದ್ದರಲ್ಲಿ ನನ್ನ ಪಾಲಿತ್ತು. ಈಗಲೂ ಇದೆ.

ನೀರು ಇಳಿದ ಮೇಲೆ ಕಂಪ್ಯೂಟರ್ ಮುಚ್ಚಿ ಊರಲ್ಲಿ ನಡೆದೆ. ನಿನ್ನ ನಂತರ ನೀರು ಬಿಡುತ್ತಿರುವವರು, ಬಾವಿ ತೋಡುವವರು, ಎಲ್ಲರಿಗಿಂತ ಹೆಚ್ಚಾಗಿ ಕೋಲು ಊರಿಕೊಂಡು ಬಂದ ಅಕ್ಕಾತಾಯಿ ಜೊತೆಗಿದ್ದರು. ಒಂದೊಂದು ಗಲ್ಲಿಯ ಹೆಸರು ಕೇಳಿ, ಅರ್ಥ ಕೇಳಿ, ಬರೆದದ್ದನ್ನು ಗಟ್ಟಿಯಾಗಿ ಓದಿ ಒಪ್ಪಿಸಿದೆ. ಓದಲು ಬಾರದ ಅಕ್ಕಾತಾಯಿ ನನ್ನ ಉಚ್ಚಾರ ತಿದ್ದಿದಳು. ಈಗ ಟಾಕಿ ಶಾಲೆಯ ಹಿಂದಿನ ದಿಬ್ಬದ ಮೇಲಿದೆ. ಅಲ್ಲಿಂದ ನೀರು ತಾನಾಗಿಯೇ ಇಳಿದು ನಳಕ್ಕೆ ಬರಲಿದೆ, ಕರೆಂಟಿನ ಹಂಗಿಲ್ಲ. ಜವಳ ಗಲ್ಲಿಯಲ್ಲಿ ತೂತು ಕೊರೆದ ಪೈಪುಗಳನ್ನು ಹೂಳಿ, ಜಿನುಗುವ ನೀರನ್ನೆಲ್ಲ ಒಂದು ಬಾವಿಗೆ ಹರಿಸಿದ್ದೇವೆ. ಸವಳು ನೀರು, ಕುಡಿಯಲು ಬರುವುದಿಲ್ಲ. ಬಸ್‌ಸ್ಟ್ಯಾಂಡಿನ ಶೌಚಾಲಯಕ್ಕೆ, ಟ್ರ್ಯಾಕ್ಟರ್ ತೊಳೆಯಲು ಬೇರೆ ಪೈಪಿನಲ್ಲಿ ಹೋಗುತ್ತದೆ. ಅಷ್ಟು ಹೊಳೆಯ ನೀರು ಉಳಿಯುತ್ತದೆ. ಅಕ್ಕಾತಾಯಿಯ ಗೋಡೆಯ ಉಪ್ಪು ಒಂದು ಗೇಣು ಕೆಳಗಿಳಿದಿದೆ. “ನಾ ಸಾಯೂದರೊಳಗ ನೆಲಾ ಮುಟ್ತೈತೇನವಾ?” ಎಂದು ನನ್ನನ್ನು ಕಂಡಾಗಲೆಲ್ಲ ಕೇಳುತ್ತಾಳೆ. ಗೊತ್ತಿಲ್ಲ ಆಯಿ ಎನ್ನುತ್ತೇನೆ. ಗೊತ್ತಿಲ್ಲ ಎಂದು ಹೇಳುವುದನ್ನು ಈ ವಯಸ್ಸಿನಲ್ಲಿ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ.

ಇನ್ನು ಮುಂದೆ ಯಾವ ಊರಿನ ನಕ್ಷೆ ಬರೆಯುವುದಾದರೂ ಮೊದಲು ಆ ಊರಿಗೆ ನೀರು ಬಿಡುವವರ ಜೊತೆ ಒಂದು ಸುತ್ತು ತಿರುಗುತ್ತೇನೆ. ಅವರು ನಕ್ಕರೆ, ಯಾಕೆ ನಕ್ಕಿರಿ ಎಂದು ಕೇಳುತ್ತೇನೆ. ಇಷ್ಟು ಮಾತು ನಿನಗೆ ಕೊಡುತ್ತೇನೆ.

ಸೋಮವಾರ ಹೊಸ ಟಾಕಿಯನ್ನು ಮೊದಲ ಸಲ ತುಂಬಿಸಿದೆವು. ತುಂಬಿಸಿ, ಎಲ್ಲ ವಾಲ್ವು ಮುಚ್ಚಿ, ಒಳಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಬಣ್ಣದಿಂದ ಒಂದು ಗೆರೆ ಎಳೆದು ಏಳು ದಿನ ಕಾಯಬೇಕು. ನೀರು ಗೆರೆ ಬಿಟ್ಟು ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಮತ್ತೆ ಒಡೆದು ಕಟ್ಟುವುದರೊಳಗೆ ಮಳೆ ಬಂದುಬಿಡುತ್ತದೆ. ಆಕಾಶ ಆಗಲೇ ಕವಿದಿದೆ. ದಿನಾ ಬೆಳಿಗ್ಗೆ ಏಣಿ ಹತ್ತಿ ಬಗ್ಗಿ ನೋಡುತ್ತೇನೆ. ಈ ವರ್ಷ ಮಹಾಪೂರ ಬಂದರೂ ಊರು ಬಾಯಾರುವುದಿಲ್ಲ ಎಂದು ನಿನಗೆ ಬರೆದುಬಿಡುವ ಆಸೆ. ಇನ್ನೂ ಬರೆಯುವ ಧೈರ್ಯವಿಲ್ಲ. ಇವತ್ತಿಗೆ ಐದನೆಯ ದಿನ, ಕಾಕಾ. ನೀರು ಗೆರೆಯ ಮೇಲೇ ಇದೆ.