ಅರಳಿಕಟ್ಟೆಯ ಮೀನು

ಹೊಸಹಳ್ಳಿ, ಬೆಂಗಳೂರು
೧೨-೮-೧೯೫೬

ಪ್ರೀತಿಯ ಬೋರಮ್ಮನಿಗೆ,

ಮೈ ಹೇಗಿದೆ? ಊಟ ಸೇರುತ್ತಿದೆಯೇ? ಇಲ್ಲಿ ನಿನ್ನ ಕೆಂಪು ಹುಂಜ ಅಡುಗೆಮನೆ ಹೊಸ್ತಿಲಲ್ಲಿ ನಿಂತು ನಿನ್ನನ್ನೇ ಹುಡುಕುತ್ತದೆ. ನಾನೊಬ್ಬ ಮನುಷ್ಯನೆಂದು ಅದಕ್ಕೆ ಲೆಕ್ಕವೇ ಇಲ್ಲ. ನಿನ್ನ ತವರು ಸುಂಕದಕಟ್ಟೆ ಏನು ಮಹಾ ದೂರ, ಬಂದೇ ಹೇಳಬಹುದಿತ್ತು. ಆದರೆ ಹೋದ ಸಲ ಬಂದಾಗ ನೀನು ಗೋಡೆಯ ಕಡೆ ತಿರುಗಿ ಕೂತೆ. ಅದಕ್ಕೇ ಈ ಕಾಗದ. ನೀನೇ ಓದಿಕೊಳ್ಳಲೆಂದು ಅಕ್ಷರ ದಪ್ಪಗೆ ಬರೆದಿದ್ದೇನೆ.

ಆವತ್ತು ನೀನು ಕೇಳಿದ್ದು ಒಂದೇ ಮಾತು: "ಯೆಂಕಟನ ಮೀನೆಲ್ಲಿ?" ಸಿಕ್ಕಿತು ಕಣೇ. ನಮ್ಮ ಮನೆಯಲ್ಲಿ ಬಾಡಿಗೆಗಿರುವ ಗಂಗಾಧರಯ್ಯ ಮೇಷ್ಟ್ರು ಕಾಲೇಜಿನಿಂದ ತಂದುಕೊಟ್ಟಿದ್ದ ಅದೇ ಬಿಳಿ ಅಚ್ಚು. ಕೋಟ್ಯಂತರ ವರ್ಷದ ಹಿಂದೆ ಕಲ್ಲಾಗಿಹೋದ ಮೀನಿನದಂತೆ. ಯೂಸ್ಥೆನಾಪ್ಟೆರಾನ್ ಎಂಬ ಅದರ ಹೆಸರು ನನ್ನ ನಾಲಿಗೆಗೆ ಹತ್ತಲೇ ಇಲ್ಲ, ಮಗ ವೆಂಕಟ ಮಾತ್ರ ಗಡಗಡ ಹೇಳುತ್ತಿದ್ದ. ರೆಕ್ಕೆಯೊಳಗೆ ನಮ್ಮ ತೋಳಿನ ಹಾಗೆ ಮೊದಲು ಒಂದು ಮೂಳೆ, ಆಮೇಲೆ ಎರಡು. ತನ್ನ ಸೊರಗಿದ ಕಾಲು ಮುಟ್ಟಿಕೊಂಡು, "ಇದುಕ್ಕೂ ನನ್ನಂಗೇ ಅರ್ಧ ಕಾಲು ಕಣಪ್ಪಾ" ಎನ್ನುತ್ತಿದ್ದ. ರಾತ್ರಿ ಕಥೆಯಲ್ಲಿ ಆ ಮೀನು ಕೆರೆ ದಂಡೆ ಹತ್ತಲೇಬೇಕು, ನಡೆದುಕೊಂಡು ಸಂತೆಗೆ ಹೋಗಿ ಕಡಲೆಪುರಿ ತರಲೇಬೇಕು. ಆ ಜಾತಿಯ ಮೀನು ಈಗ ಭೂಮಿಯ ಮೇಲೆ ಒಂದೂ ಇಲ್ಲವೆಂದು ಮೇಷ್ಟ್ರು ನನಗೆ ಹೇಳಿದ್ದರು. ಅವನಿಗೆ ನಾನು ಹೇಳಲಿಲ್ಲ.

ಅದನ್ನು ಒಯ್ದದ್ದು ಅವ್ವ. ಮಗು ಜ್ವರದಲ್ಲಿ ಮಲಗಿದಾಗ, ಕಲ್ಲಿನಲ್ಲಿ ಮೂಡಿದ ದೇವರು ಎಂದುಕೊಂಡು, ಅರಳಿಕಟ್ಟೆಯ ನಾಗರಕಲ್ಲುಗಳ ಪಕ್ಕ ಇಟ್ಟು ಅರಿಶಿನ ಹಚ್ಚಿ ಹರಕೆ ಹೊತ್ತಿದ್ದಳಂತೆ. ಅವನು ಮಣ್ಣಿಗೆ ಹೋದ ಮೇಲೂ ದಿನಾ ಬೆಳಿಗ್ಗೆ ಒಂದು ಚೆಂಬು ನೀರು ಹುಯ್ಯುತ್ತಾಳೆ. ನಿನ್ನೆ ನೋಡಿದೆ. "ಇನ್ಯಾಕವ್ವಾ ಇದು?" ಎಂದು ರೇಗಿದೆ. ಅವಳು ತಿರುಗಿಯೂ ನೋಡದೆ, "ಅದುಕ್ಕಾದ್ರೂ ಕಾಲು ಬರ್ಲಿ ಬಿಡ್ಲಾ" ಎಂದಳು. ನಾನು ಅಲ್ಲೇ ಕೂತುಬಿಟ್ಟೆ.

ಅತ್ತೆ, ಮಾವನವರಿಗೆ ನನ್ನ ನಮಸ್ಕಾರ. ಹೊತ್ತಿಗೆ ಸರಿಯಾಗಿ ಉಣ್ಣು ಕಣೇ.

ನಿನ್ನ ಗಂಡ
ದೊಡ್ಡಣ್ಣ

ಮರೆತೆ: ಅದು ಕಲ್ಲಲ್ಲ, ಆಸ್ಪತ್ರೆಯಲ್ಲಿ ಅವನ ಕಾಲಿಗೆ ಕಟ್ಟಿದ್ದರಲ್ಲ, ಅದೇ ಬಿಳಿ ಪ್ಲಾಸ್ಟರ್ ಹಿಟ್ಟು. ಅವ್ವನಿಗೆ ಹೇಳಲು ನನ್ನಿಂದಾಗದು. ದಿನಾ ನೀರು ಬಿದ್ದು ಬಾಲ ಆಗಲೇ ಸವೆದುಹೋಗಿದೆ. ವೆಂಕಟ ಬೆರಳಿಟ್ಟು ಸವರುತ್ತಿದ್ದ ಮುಂದಿನ ರೆಕ್ಕೆ ಇನ್ನೂ ಕಾಣುತ್ತದೆ. ಅದೂ ಕರಗುವುದರೊಳಗೆ ಬಂದುಬಿಡು.