ರೀಟೇನ್ ಅಲ್ಲ, ಕಾಪಿ

ಗುರುವಾರ, ಜೂನ್ 12

ಮೂರು ದಿನ ತಲೆ ತಿಂದ ದೋಷ ಇವತ್ತು ಸಿಕ್ಕಿಬಿತ್ತು! ಪಾರ್ಶ್ವವಾಯು ಹೊಡೆದು ಮಾತು ಹೋದ ಸೋಮಮ್ಮತ್ತೆಗೋಸ್ಕರ ನಾನು ರಿಪೇರಿ ಮಾಡುತ್ತಿರುವುದು ಆಬ್ಜೆಕ್ಟಿವ್-ಸಿ ಭಾಷೆಯಲ್ಲಿ ಬರೆದ ನನ್ನದೇ ಹಳೇ ಆ್ಯಪ್. ಚಿತ್ರ ಒತ್ತಿದರೆ ಟ್ಯಾಬ್ ಆ ಚಿತ್ರದ ಮಾತನ್ನು ಜೋರಾಗಿ ಹೇಳಬೇಕು. ಆದರೆ ಒಂದು ಮಾತು ಮುಗಿಯುತ್ತಲೇ ಆ್ಯಪ್ ಮುಚ್ಚಿಕೊಳ್ಳುತ್ತಿತ್ತು.

ಮಾತು ಮುಗಿದ ಮೇಲೆ ನಡೆಯಬೇಕಾದ ಕೆಲಸವನ್ನು ಬ್ಲಾಕ್ ಅನ್ನುವ ಕೋಡ್ ತುಣುಕಿನಲ್ಲಿ ಬರೆದು, ಅಳಿಸಿಹೋಗದಿರಲಿ ಅಂತ ರೀಟೇನ್ ಮಾಡಿ ಇಟ್ಟಿದ್ದೆ. ಬ್ಲಾಕ್ ಹುಟ್ಟುವುದು ಸ್ಟ್ಯಾಕಿನಲ್ಲಿ, ಅಂದರೆ ತಾತ್ಕಾಲಿಕ ಮೆಮೊರಿಯಲ್ಲಿ. ಫಂಕ್ಷನ್ ಮುಗಿದರೆ ಆ ಜಾಗವೇ ಹೋಯಿತು. ರೀಟೇನ್ ಅದನ್ನು ಉಳಿಸುವುದಿಲ್ಲ. ಕಾಪಿ ಮಾಡಿದರೆ ಮಾತ್ರ ಹೀಪ್ ಅನ್ನುವ ಉಳಿಯುವ ಮೆಮೊರಿಗೆ ಹೋಗಿ, ನಾವಾಗಿ ರಿಲೀಸ್ ಮಾಡುವತನಕ ಇರುತ್ತದೆ. ಗೊತ್ತಿದ್ದೂ ಮರೆತಿದ್ದೆ, ಪೆದ್ದಿ! ಒಂದು ಪದ ಬದಲಿಸಿದೆ, ಅಷ್ಟೇ.

ಸಂಜೆ ಸ್ಕೂಟರ್ ಹತ್ತಿ ವಿದ್ಯಾರಣ್ಯಪುರಂನ ಅತ್ತೆ ಮನೆಗೆ ಓಡಿದೆ. ಅತ್ತೆ ನಿಧಾನಕ್ಕೆ ಒಂದೊಂದೇ ಚಿತ್ರ ಒತ್ತಿದರು. "ಕಾಫಿ." "ಸಕ್ಕರೆ." "ಬೇಡ." ಆ್ಯಪ್ ಮುಚ್ಚಲಿಲ್ಲ!

ಅತ್ತೆ ಕಾಯಿಲೆ ಬಿದ್ದಾಗಿನಿಂದ ಕಾಫಿ ಮಾಡಿಕೊಡುತ್ತಿರುವ ಅವರ ಗಂಡ ಬೆಟ್ಟಯ್ಯ ಮಾವ ಕಕ್ಕಾಬಿಕ್ಕಿ. "ಎಂಟು ತಿಂಗ್ಳಿಂದ ಎರಡೆರಡು ಚಮ್ಚ ಆಕ್ತಿದ್ನಲ್ಲ ಕಣಮ್ಮಿ, ಏಳ್ಬಾರ್ದಿತ್ತಾ?"

ಅತ್ತೆ ಅವರನ್ನೇ ದಿಟ್ಟಿಸಿ ಇನ್ನೊಂದು ಚಿತ್ರ ಒತ್ತಿದರು.

"ಹೇಗೆ?" ಅಂತು ಟ್ಯಾಬ್.

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಕಾಯಿಲೆ ಬಿದ್ದಮೇಲೆ ಅತ್ತೆಯ ನಗು ಕೇಳಿದ್ದು ಇವತ್ತೇ. ನಾಳೆ ಮಾವನನ್ನು ಬಯ್ಯೋ ಚಿತ್ರಗಳನ್ನೂ ಸೇರಿಸಬೇಕು, ಒಂದು ಹತ್ತಾದರೂ...